ಆ ಹುಡುಗನಿಗೆ ಯಾರೂ ಖೋ ಕೊಡಲಿಲ್ಲ

ಖೋ ಖೋ ಅಂಕಣದಲ್ಲಿ ಬೆನ್ನಟ್ಟುವ ತಂಡದ ಎಂಟು ಮಂದಿ ಸಾಲಾಗಿ ಕೂತಿರುತ್ತಾರೆ. ಒಬ್ಬ ಆ ಕಡೆಗೆ ಮುಖ ಮಾಡಿದ್ದರೆ ಪಕ್ಕದವನು ಈ ಕಡೆಗೆ. ಒಂಬತ್ತನೆಯವನು ಓಡುತ್ತಾನೆ. ಎದುರಾಳಿ ಕೈಗೆ ಸಿಗದೆ ಆಚೆ ನುಸುಳಿದಾಗ ಕೂತವನೊಬ್ಬನ ಬೆನ್ನು ಮುಟ್ಟಿ ‘ಖೋ’ ಅನ್ನುತ್ತಾನೆ, ಮುಟ್ಟಿಸಿಕೊಂಡವನು ಎದ್ದು ಓಡುತ್ತಾನೆ. ನಾನು ಓದಿದ ಪ್ರೌಢಶಾಲೆಯ ತಂಡದಲ್ಲಿ ಒಬ್ಬ ಹುಡುಗನಿದ್ದ. ಅವನ ಹೆಸರು ಮರೆತಿದೆ, ನಾವೆಲ್ಲ ಕರೆಯುತ್ತಿದ್ದ ಅಡ್ಡಹೆಸರು ಮಾತ್ರ ನೆನಪಿದೆ. ಅದನ್ನು ಇಲ್ಲಿ ಬರೆಯಲಾರೆ. ಅವನು ದಿನವೂ ಅಭ್ಯಾಸಕ್ಕೆ ಬಂದು ಸಾಲಿನಲ್ಲಿ ಕೂರುತ್ತಿದ್ದ. ಆದರೆ ಅವನಿಗೆ ಯಾರೂ ಖೋ ಕೊಡುತ್ತಿರಲಿಲ್ಲ. ಹಾಗಂತ ಯಾರೂ ಮಾತಾಡಿಕೊಂಡಿರಲಿಲ್ಲ, ತಾನಾಗಿಯೇ ಹಾಗೆ ನಡೆದುಕೊಂಡು ಬಂದಿತ್ತು. ಒಂದು ದಿನ ಅವನು ಬರುವುದನ್ನು ಬಿಟ್ಟ. ಮೇಷ್ಟ್ರು, ‘ಅವನಿಗೆ ಆಟದಲ್ಲಿ ಆಸಕ್ತಿ ಇರಲಿಲ್ಲ ಬಿಡ್ರೋ’ ಅಂದರು. ನಾವೂ ನಂಬಿದೆವು.

ಅಲ್ಲಿ ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ನಿಯಮಪುಸ್ತಕದಲ್ಲಿ ಹುಡುಕಿದರೆ ಒಂದು ಫೌಲೂ ಸಿಗುವುದಿಲ್ಲ. ಶಾಲೆಯ ಆಟ, ಕುಣಿತ, ನಾಟಕ, ಕ್ಯಾಂಪುಗಳಲ್ಲಿ ಮಕ್ಕಳು ಅನುಭವಿಸುವ ಕಿರುಕುಳ ದೊಡ್ಡವರ ಕಣ್ಣಿಗೆ ಬೀಳದೆ ಉಳಿಯುವುದು ಹೀಗೆ, ಆಟದ ಒಳಗೇ ಬೆರೆತು. ತರಗತಿಯಲ್ಲಿ ಒಬ್ಬ ಇನ್ನೊಬ್ಬನನ್ನು ತಳ್ಳಿದರೆ ದೂರು ಬರುತ್ತದೆ. ಕಬಡ್ಡಿ ಅಂಕಣದಲ್ಲಿ ಬೇಕೆಂದೇ ಮೊಣಕೈ ಹಾಕಿದರೆ ‘ಆಟ ಅಂದಮೇಲೆ ಇದ್ದದ್ದೇ’ ಎಂಬ ಮಾತು ಬರುತ್ತದೆ. ಅತ್ತರೆ ‘ಗಟ್ಟಿ ಆಗಲಿ ಬಿಡಿ’ ಅನ್ನುತ್ತಾರೆ.

ಯಾವುದು ಕೀಟಲೆ, ಯಾವುದು ಪೀಡನೆ

ಗೆಳೆಯರ ನಡುವೆ ರೇಗಿಸುವುದು ಇರುತ್ತದೆ. ಅದಿಲ್ಲದ ತಂಡ ತಂಡವೇ ಅಲ್ಲ. ಗೆರೆ ಎಲ್ಲಿ ಎಳೆಯಬೇಕು ಎಂಬುದಕ್ಕೆ ನಾರ್ವೆಯ ಬರ್ಗೆನ್‌ನಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಡ್ಯಾನ್ ಓಲ್ವಿಯಸ್ ಕೊಟ್ಟ ಅಳತೆಗೋಲು ಇವತ್ತಿಗೂ ಬಳಕೆಯಲ್ಲಿದೆ. ನೋಯಿಸುವ ಉದ್ದೇಶ ಇದೆಯೇ, ಮತ್ತೆ ಮತ್ತೆ ನಡೆಯುತ್ತಿದೆಯೇ, ಇಬ್ಬರ ಬಲ ಸರಿಸಮ ಇದೆಯೇ. ನಾರ್ವೆಯಲ್ಲಿ 1982ರಲ್ಲಿ ಸಹಪಾಠಿಗಳ ಕಾಟ ತಾಳಲಾರದೆ ಮೂವರು ಹುಡುಗರು ಪ್ರಾಣ ಕಳೆದುಕೊಂಡ ಮೇಲೆ ಅಲ್ಲಿನ ಸರ್ಕಾರ ಎಚ್ಚೆತ್ತು, ಮರುವರ್ಷವೇ ಶಾಲೆಗಳಲ್ಲಿ ಅಭಿಯಾನ ಆರಂಭಿಸಿತು. ಯುನೆಸ್ಕೋ 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಹೆಚ್ಚುಕಡಿಮೆ ಮೂವರು ವಿದ್ಯಾರ್ಥಿಗಳಲ್ಲಿ ಒಬ್ಬರು ಹಿಂದಿನ ಒಂದು ತಿಂಗಳಲ್ಲಿ ಒಮ್ಮೆಯಾದರೂ ಓರಗೆಯವರಿಂದ ಪೀಡನೆ ಅನುಭವಿಸಿದವರು.

ಮೂರು ಪ್ರಶ್ನೆಗಳಲ್ಲಿ ಮೂರನೆಯದೇ ಮೈದಾನದಲ್ಲಿ ಮುಖ್ಯ. ಇಬ್ಬರೂ ಪರಸ್ಪರ ರೇಗಿಸಿಕೊಳ್ಳುತ್ತಿದ್ದರೆ ಅದು ಸಲಿಗೆ. ಹತ್ತನೇ ತರಗತಿಯ ಕ್ಯಾಪ್ಟನ್ ಎಂಟನೇ ತರಗತಿಯವನ ಕೈಯಲ್ಲಿ ದಿನಾ ತನ್ನ ಶೂ ಹೊರಿಸುತ್ತಿದ್ದರೆ, ಅವನು ತಿರುಗಿ ಒಂದು ಮಾತು ಆಡಲಾರನಾದರೆ, ಅದಕ್ಕೆ ಸಲಿಗೆ ಎಂಬ ಹೆಸರು ಒಪ್ಪುವುದಿಲ್ಲ. ಹುಟ್ಟುಹಬ್ಬದ ದಿನ ಎತ್ತಿ ಒದೆಯುವ ‘ಬರ್ತ್‌ಡೇ ಬಂಪ್ಸ್’ ಕೂಡ ಹೀಗೇ. ಬೆನ್ನುಮೂಳೆಗೆ ಪೆಟ್ಟಾಗುವ ಈ ಆಟ ಯಾರಿಗೆ ಹೆಚ್ಚು ಬೀಳುತ್ತದೆ ಎಂದು ಒಮ್ಮೆ ಗಮನಿಸಿ. ತಂಡದಲ್ಲಿ ಬಲವಿಲ್ಲದವನಿಗೇ.

ಅಡ್ಡಹೆಸರಿನದು ಇನ್ನೊಂದು ಬಗೆ. ಡುಮ್ಮ, ಕಡ್ಡಿ, ಕರಿಯ. ಚೆಂಡು ಸರಿಯಾಗಿ ಎಸೆಯದವನಿಗೆ ‘ಹೆಣ್ಣಿಗ’. ಆ ಕೊನೆಯದನ್ನು ಮಕ್ಕಳು ಎಷ್ಟೋ ಸಲ ಕಲಿಯುವುದು ದೊಡ್ಡವರ ಬಾಯಿಂದಲೇ, ‘ಏನೋ ಹುಡುಗಿ ತರ ಓಡ್ತೀಯ’ ಎಂಬ ಕೂಗಿನಿಂದ. ಅದೇ ಮೈದಾನದಲ್ಲಿ ಆ ಕಡೆ ಥ್ರೋಬಾಲ್ ಆಡುತ್ತಿರುವ ಹುಡುಗಿಯರಿಗೂ ಅದು ಕೇಳಿಸುತ್ತದೆ. ಒಬ್ಬನ ಬಾಟಲಿಯ ನೀರನ್ನು ಮಾತ್ರ ಯಾರೂ ಕುಡಿಯದಿರುವುದು, ಅಂಕಣದ ಗೆರೆ ಎಳೆಯುವ, ಮೈದಾನ ಗುಡಿಸುವ ಕೆಲಸ ದಿನವೂ ಅದೇ ಕೇರಿಯ ಮಕ್ಕಳ ಪಾಲಿಗೆ ಬರುವುದು, ಇವನ್ನು ನೋಡಿಯೂ ನೋಡದಂತೆ ಇರುವ ಮೇಷ್ಟ್ರಿಗೆ ಸಬೂಬು ಇರುವುದಿಲ್ಲ. ಜಾತಿ ಹೆಸರು ಹಿಡಿದು ಮಾಡುವ ಅವಮಾನವನ್ನು ಕೀಟಲೆಯ ಲೆಕ್ಕಕ್ಕೆ ಸೇರಿಸಬಾರದು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ 1989ರಿಂದ ಇದೆ.

ಇನ್ನು ಶಿಕ್ಷೆಯ ವಿಷಯ. ತಡವಾಗಿ ಬಂದವರಿಗೆ ಬಿಸಿಲಲ್ಲಿ ಮಂಡಿಯೂರಿಸುವುದು, ಸೋತ ತಂಡಕ್ಕೆ ಕಣ್ಣು ಕತ್ತಲೆ ಬರುವವರೆಗೆ ಬಸ್ಕಿ ಹೊಡೆಸುವುದು ‘ಟ್ರೈನಿಂಗ್’ ಎಂಬ ಹೆಸರಲ್ಲಿ ನಡೆಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಮೈದಾನಕ್ಕೆ ಅದರಲ್ಲಿ ರಿಯಾಯಿತಿ ಇಲ್ಲ.

ಕಣ್ಣು ತಪ್ಪುವ ಜಾಗಗಳು

ಶಾಲೆಗಳಲ್ಲಿ ಪೋಸ್ಟರು ಅಂಟಿಸುತ್ತಾರೆ, ಪ್ರತಿಜ್ಞೆ ಮಾಡಿಸುತ್ತಾರೆ. ಮಾಡಲಿ, ತಪ್ಪೇನಿಲ್ಲ. ಆದರೆ ನನ್ನನ್ನು ಕೇಳಿದರೆ ಮೊದಲು ಮಾಡಬೇಕಾದ ಕೆಲಸಕ್ಕೆ ಒಂದು ಹಾಳೆ, ಒಂದು ಪೆನ್ಸಿಲ್ಲು, ಒಂದು ಗಂಟೆ ಸಾಕು. ಶಾಲೆಯ ನಕ್ಷೆ ಬರೆದು ಮಕ್ಕಳ ಕೈಗೆ ಕೊಡಿ. ಎಲ್ಲಿ ಹೋಗಲು ಹೆದರಿಕೆ ಆಗುತ್ತದೋ ಅಲ್ಲಿ ಒಂದು ಗುರುತು ಹಾಕಿ ಅನ್ನಿ. ಹೆಸರು ಬರೆಯುವುದು ಬೇಡ. ಹಾಳೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಗುರುತುಗಳು ಕೆಲವೇ ಜಾಗದಲ್ಲಿ ಗುಂಪುಗೂಡಿರುವುದು ಕಾಣುತ್ತದೆ. ಆಟದ ಸಾಮಾನಿಡುವ ಕೋಣೆ, ಶೌಚಾಲಯದ ಹಿಂಭಾಗ, ವೇದಿಕೆಯ ಹಿಂದಿನ ಗ್ರೀನ್ ರೂಮು, ಬಸ್ಸಿನ ಕೊನೆಯ ಸೀಟು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಆ ನಕ್ಷೆಯನ್ನೇ ಮೇಜಿನ ಮೇಲೆ ಹರಡಿ ಮಾತು ಶುರು ಮಾಡಬಹುದು.

ಜಾಗದ ಹಾಗೆ ಹೊತ್ತೂ ಇರುತ್ತದೆ. ಬೆಳಗಿನ ಆರು ಗಂಟೆಯ ಅಭ್ಯಾಸಕ್ಕೆ ಮೊದಲು ಬಂದ ಮಗು ಯಾರ ಜೊತೆ ಇರುತ್ತದೆ? ಸಂಜೆ ಎಲ್ಲರೂ ಹೋದ ಮೇಲೆ ಅಪ್ಪನ ಬೈಕು ಬರುವವರೆಗೆ ಗೇಟಿನ ಬಳಿ ಕಾಯುವ ಮಗುವಿನ ಜೊತೆ? ಕೊನೆಯ ಮಗು ಹೋಗುವವರೆಗೆ ಒಬ್ಬರಲ್ಲ, ಇಬ್ಬರು ದೊಡ್ಡವರು ಇರಬೇಕು ಎಂಬ ನಿಯಮ ಮಾಡಿದರೆ ಅರ್ಧ ಆತಂಕ ಕಳೆಯುತ್ತದೆ. ಶಿಕ್ಷಕರ ಕೊರತೆ ಇರುವಲ್ಲಿ ಪೋಷಕರೇ ಸರದಿ ಹಾಕಿಕೊಳ್ಳಬಹುದು. ಒಬ್ಬ ದೊಡ್ಡವರು, ಒಂದು ಮಗು, ಮುಚ್ಚಿದ ಬಾಗಿಲು, ಈ ಮೂರೂ ಒಟ್ಟಿಗೆ ಬರಕೂಡದು. ಈ ನಿಯಮ ಒಳ್ಳೆಯ ಶಿಕ್ಷಕರನ್ನೂ ಸುಳ್ಳು ಆರೋಪದಿಂದ ಕಾಯುತ್ತದೆ. ಹಾಗಾಗಿ ಇದಕ್ಕೆ ವಿರೋಧ ಬಂದರೆ ಯಾಕೆಂದು ಕೇಳಬೇಕಾಗುತ್ತದೆ.

ಮುಟ್ಟುವುದರ ಬಗ್ಗೆಯೂ ಬಿಡಿಸಿ ಹೇಳಬೇಕು. ಲಾಂಗ್ ಜಂಪ್, ಯೋಗ, ಜಿಮ್ನಾಸ್ಟಿಕ್ಸ್ ಕಲಿಸುವಾಗ ಮೈ ಮುಟ್ಟಿ ತಿದ್ದಬೇಕಾಗುತ್ತದೆ, ಅದನ್ನು ಅಲ್ಲಗಳೆಯಲಾಗದು. ತಿಳಿದವರು ಮೊದಲು ತಾವೇ ಮಾಡಿ ತೋರಿಸುತ್ತಾರೆ, ಆಮೇಲೆ ‘ಭುಜ ಹಿಡಿದು ತಿರುಗಿಸ್ತೀನಿ, ಆಗಬಹುದಾ?’ ಎಂದು ಕೇಳುತ್ತಾರೆ, ಎಲ್ಲರ ಎದುರಿಗೇ ಮಾಡುತ್ತಾರೆ. ‘ಬೇಡ ಸರ್’ ಅಂದ ಮಗುವನ್ನು ಆ ಮಾತಿಗಾಗಿ ಗೇಲಿ ಮಾಡುವುದಿಲ್ಲ. ಸ್ನಾಯು ಹಿಡಿದುಕೊಂಡರೆ ಉಜ್ಜುವ ಕೆಲಸವೂ ಕೋಣೆಯೊಳಗೆ ಆಗಬೇಕಿಲ್ಲ, ಮೈದಾನದ ಬದಿಯಲ್ಲೇ ಆಗಲಿ.

ಹೆಚ್ಚಿನ ಎಚ್ಚರ ಬೇಕಾದದ್ದು ಊರು ಬಿಟ್ಟು ಹೋಗುವಾಗ. ವಲಯ ಮಟ್ಟದಲ್ಲಿ ಗೆದ್ದು, ತಾಲ್ಲೂಕು ದಾಟಿ, ಜಿಲ್ಲೆಗೋ ವಿಭಾಗಕ್ಕೋ ಹೋದ ತಂಡ ರಾತ್ರಿ ಉಳಿಯುವುದು ಯಾವುದೋ ಶಾಲೆಯ ಕೊಠಡಿಯಲ್ಲಿ, ಇಲ್ಲವೇ ಕಲ್ಯಾಣ ಮಂಟಪದ ಹಾಲಿನಲ್ಲಿ. ಚಾಪೆ ಹಾಸಿ ಸಾಲಾಗಿ ಮಲಗುತ್ತಾರೆ. ಗೆದ್ದ ಖುಷಿ, ಹೊಸ ಊರು, ಮನೆಯವರಿಲ್ಲದ ಸ್ವಾತಂತ್ರ್ಯ. ನನಗೆ ಶಾಲೆಯ ದಿನಗಳಲ್ಲಿ ಅತ್ಯಂತ ಸಂತೋಷ ಕೊಟ್ಟದ್ದು ಇಂಥ ರಾತ್ರಿಗಳೇ. ಹಿರಿಯ ಹುಡುಗರು ಕಿರಿಯರನ್ನು ಗೋಳು ಹೊಯ್ದುಕೊಳ್ಳುತ್ತಿದ್ದದ್ದೂ ಅಂಥ ರಾತ್ರಿಗಳಲ್ಲೇ. ಮಗುವನ್ನು ಕಳಿಸುವ ಮೊದಲು ಪೋಷಕರು ನಾಚಿಕೆ ಬಿಟ್ಟು ಕೇಳಬೇಕಾದದ್ದು ಇಷ್ಟು: ಹುಡುಗಿಯರ ತಂಡದ ಜೊತೆ ಶಿಕ್ಷಕಿ ಹೋಗುತ್ತಾರಾ, ಮಲಗುವ ಜಾಗ ಬೇರೆ ಬೇರೆಯಾ, ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯಾ, ಸ್ನಾನಕ್ಕೆ ಎಲ್ಲಿ ಹೋಗಬೇಕು, ರಾತ್ರಿ ಮನೆಗೆ ಮಾತಾಡಲು ಫೋನ್ ಸಿಗುತ್ತದಾ. ಉತ್ತರ ಕೊಡಲು ಶಾಲೆ ಮುನಿಸಿಕೊಂಡರೆ ಆ ಮುನಿಸೇ ಒಂದು ಉತ್ತರ. ಎಂಟನೇ ತರಗತಿಯವರನ್ನೂ ಪಿಯುಸಿಯವರನ್ನೂ ಒಂದೇ ಕೊಠಡಿಗೆ ತುಂಬಬಾರದು. ಕ್ರೀಡಾ ಹಾಸ್ಟೆಲ್, ವಸತಿ ಶಾಲೆಗಳಲ್ಲಿ ಇದು ಒಂದು ರಾತ್ರಿಯ ಮಾತಾಗಿರದೆ ವರ್ಷವಿಡೀ ಪಾಲಿಸಬೇಕಾದ ವ್ಯವಸ್ಥೆ. ರ‍್ಯಾಗಿಂಗ್ ಎಂದರೆ ಇಂಜಿನಿಯರಿಂಗ್, ಮೆಡಿಕಲ್ ಕಾಲೇಜಿನ ಪಿಡುಗು ಎಂದುಕೊಂಡವರು ಕರ್ನಾಟಕ ಶಿಕ್ಷಣ ಕಾಯ್ದೆಯನ್ನು ಒಮ್ಮೆ ತೆರೆದು ನೋಡಲಿ. ಅದು ರ‍್ಯಾಗಿಂಗನ್ನು ನಿಷೇಧಿಸಿದೆ.

ಈಗ ಇನ್ನೊಂದು ಜಾಗ ಸೇರಿಕೊಂಡಿದೆ, ತಂಡದ ವಾಟ್ಸ್ಆ್ಯಪ್ ಗುಂಪು. ಕ್ಯಾಚ್ ಬಿಟ್ಟ ಕ್ಷಣದ ವಿಡಿಯೋ, ಬಟ್ಟೆ ಬದಲಿಸುವಾಗ ತೆಗೆದ ಫೋಟೋ, ಅದರ ಮೇಲೆ ಸ್ಟಿಕ್ಕರು. ತರಬೇತುದಾರರ ಸಂದೇಶವೆಲ್ಲ ಗುಂಪಿಗೇ ಬರಲಿ, ಆ ಗುಂಪಿನಲ್ಲಿ ಪೋಷಕರೂ ಇರಲಿ. ಒಂದೊಂದು ಮಗುವಿಗೆ ರಾತ್ರಿ ಹತ್ತರ ನಂತರ ಬೇರೆಯಾಗಿ ಸಂದೇಶ ಕಳಿಸುವ ತರಬೇತುದಾರ ಎಷ್ಟೇ ಪ್ರಶಸ್ತಿ ತಂದವನಾಗಿರಲಿ, ಅದನ್ನು ಅಲ್ಲೇ ನಿಲ್ಲಿಸಬೇಕು.

ಆಯ್ಕೆಯ ಕೀಲಿ ಯಾರ ಕೈಯಲ್ಲಿ

1990ರಲ್ಲಿ ಹರಿಯಾಣದ ಪಂಚಕುಲದಲ್ಲಿ 14 ವರ್ಷದ ಟೆನಿಸ್ ಆಟಗಾರ್ತಿಯೊಬ್ಬಳು ರಾಜ್ಯ ಟೆನಿಸ್ ಸಂಸ್ಥೆಯ ಅಧ್ಯಕ್ಷನಿಂದ ಲೈಂಗಿಕ ಕಿರುಕುಳಕ್ಕೆ ಒಳಗಾದಳು. ಆತ ಹಿರಿಯ ಪೊಲೀಸ್ ಅಧಿಕಾರಿಯೂ ಹೌದು. ದೂರು ಕೊಟ್ಟ ಮೇಲೆ ಹುಡುಗಿಯ ಹೆಸರನ್ನು ಶಾಲೆಯೇ ಹಾಜರಿ ಪುಸ್ತಕದಿಂದ ತೆಗೆದುಹಾಕಿತು. ಮನೆಯವರು ಕಿರುಕುಳ ಅನುಭವಿಸಿದರು. 1993ರಲ್ಲಿ ಅವಳು ಜೀವ ಕಳೆದುಕೊಂಡಳು. ಅವಳ ಗೆಳತಿ ಮತ್ತು ಆ ಗೆಳತಿಯ ತಂದೆತಾಯಿ ಪಟ್ಟು ಬಿಡದೆ ಹೋರಾಡಿದ್ದರಿಂದ ಸಿಬಿಐ ನ್ಯಾಯಾಲಯ 2009ರ ಡಿಸೆಂಬರಿನಲ್ಲಿ, ಅಂದರೆ 19 ವರ್ಷದ ಮೇಲೆ, ಆರೋಪಿಯನ್ನು ದೋಷಿ ಎಂದಿತು. ಶಿಕ್ಷೆ ಆರು ತಿಂಗಳು. ಮೇಲ್ಮನವಿಯಲ್ಲಿ ಅದು ಒಂದೂವರೆ ವರ್ಷವಾಯಿತು.

ಈ ಪ್ರಕರಣದಲ್ಲಿ ಕಲಿಯಬೇಕಾದ್ದು ಹಲವು, ಒಂದನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಕ್ರೀಡೆಯಲ್ಲಿ ಅವಕಾಶ ಕೊಡುವವನ ಬಳಿ ಮೌನವನ್ನು ಕೊಳ್ಳುವ ಶಕ್ತಿಯೂ ಇರುತ್ತದೆ. ‘ಹೇಳಿದರೆ ತಂಡದಿಂದ ತೆಗೀತಾರೆ’ ಎಂಬ ಒಂದೇ ಭಯಕ್ಕೆ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ. ಗ್ರೇಸ್ ಅಂಕ, ಕ್ರೀಡಾ ಕೋಟಾ ಸೀಟು, ಹಾಸ್ಟೆಲ್ ಪ್ರವೇಶ ಎಲ್ಲವೂ ಒಬ್ಬರ ಸಹಿಯ ಮೇಲೆ ನಿಂತಿದ್ದರೆ ಪೋಷಕರೂ ಮುಚ್ಚಿಕೊಳ್ಳುತ್ತಾರೆ. ಅದಕ್ಕೇ ನಾನು ಆಯ್ಕೆಯ ಪದ್ಧತಿಯನ್ನೂ ಮಕ್ಕಳ ರಕ್ಷಣೆಯ ಭಾಗವೆಂದೇ ಎಣಿಸುತ್ತೇನೆ. ಓಟದ ಸಮಯ, ಜಿಗಿತದ ಅಳತೆ ಎಲ್ಲರ ಮುಂದೆ ಬೋರ್ಡಿನ ಮೇಲೆ ಬರಲಿ. ತಂಡದ ಆಟಗಳಲ್ಲಿ ಕನಿಷ್ಠ ಇಬ್ಬರು ಆಯ್ಕೆ ಮಾಡಲಿ, ಅವರಲ್ಲಿ ಒಬ್ಬರು ಬೇರೆ ವಿಷಯದ ಶಿಕ್ಷಕರಾಗಿರಲಿ. ಕೈಬಿಟ್ಟ ಮಗುವಿಗೆ ಕಾರಣ ಹೇಳಲಿ. ಪಾರ್ಟ್‌ಟೈಮ್ ಕರಾಟೆ, ಸ್ಕೇಟಿಂಗ್, ಡಾನ್ಸ್ ಮೇಷ್ಟ್ರನ್ನು ನೇಮಿಸಿಕೊಳ್ಳುವ ಖಾಸಗಿ ಶಾಲೆಗಳು ಅವರು ಹಿಂದೆ ಕೆಲಸ ಮಾಡಿದ ಕಡೆಗೆ ಒಂದು ಫೋನ್ ಮಾಡಿ ವಿಚಾರಿಸಲಿ. ಪೊಲೀಸ್ ಪರಿಶೀಲನೆಯ ಕಾಗದ ಬಂದ ಮೇಲೆ ಕೆಲಸಕ್ಕೆ ಬರಲಿ.

ವೇದಿಕೆಯ ಮೇಲೂ

ವಾರ್ಷಿಕೋತ್ಸವದ ಕುಣಿತದಲ್ಲಿ ಮುಂದಿನ ಸಾಲಿನಲ್ಲಿ ಯಾರು ನಿಲ್ಲುತ್ತಾರೆ ನೋಡಿ. ಬೆಳ್ಳಗಿರುವವರು. ಕಪ್ಪಗಿರುವ ಮಗು ಹಿಂದೆ, ಇಲ್ಲವೇ ರಾಕ್ಷಸನ ಪಾತ್ರಕ್ಕೆ. ಪ್ರತಿಭಾ ಕಾರಂಜಿಯ ನಾಟಕದಲ್ಲಿ ದಪ್ಪಗಿರುವವನಿಗೆ ಸದಾ ಹೊಟ್ಟೆಬಾಕನ ಪಾತ್ರವೇ ಸಿಗುತ್ತದೆ. ಜನ ನಗುತ್ತಾರೆ, ಮರುದಿನದಿಂದ ಆ ಪಾತ್ರದ ಹೆಸರೇ ಅವನ ಹೆಸರಾಗುತ್ತದೆ. ಇದನ್ನು ತಡೆಯಲು ಕಾನೂನು ಬೇಕಿಲ್ಲ, ಪಾತ್ರ ಹಂಚುವ ಮಿಸ್ ಒಂದು ಗಳಿಗೆ ಯೋಚಿಸಿದರೆ ಸಾಕು. ಬಟ್ಟೆಯ ಅಳತೆ ತೆಗೆಯುವುದು, ಮೇಕಪ್ಪು, ಸೀರೆ ಉಡಿಸುವುದು ಇವಕ್ಕೆ ಹೊರಗಿನವರನ್ನು ಕರೆಸಿದಾಗ ಶಾಲೆಯವರೊಬ್ಬರು ಅಲ್ಲೇ ಇರಬೇಕು. ಹುಡುಗಿಯರು ಮುಟ್ಟಿನ ದಿನ ಅಭ್ಯಾಸಕ್ಕೆ ಬರದಿದ್ದರೆ ಎಲ್ಲರ ಮುಂದೆ ಕಾರಣ ಕೇಳುವ ಅಭ್ಯಾಸವನ್ನು ಎಂದೋ ಬಿಡಬೇಕಿತ್ತು.

ನೋಡುತ್ತ ನಿಂತವರು

ಪೀಡಿಸುವವನಿಗೂ ಪೀಡನೆಗೊಳಗಾದವನಿಗೂ ಬುದ್ಧಿ ಹೇಳಿ ಕೈತೊಳೆದುಕೊಳ್ಳುವುದು ಹಳೆಯ ಪದ್ಧತಿ. ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟೀನಾ ಸಾಲ್ಮಿವಾಲಿ ಮತ್ತು ಜೊತೆಗಾರರು ರೂಪಿಸಿದ ‘ಕಿವಾ’ ಎಂಬ ಕಾರ್ಯಕ್ರಮ ಬೇರೆ ದಾರಿ ಹಿಡಿಯಿತು. ಅದು ಗಮನ ಕೊಟ್ಟದ್ದು ಸುತ್ತ ನಿಂತು ನಗುವವರ ಮೇಲೆ, ಮುಖ ತಿರುಗಿಸಿ ಹೋಗುವವರ ಮೇಲೆ. ನಗು ನಿಂತರೆ ಪೀಡಿಸುವವನಿಗೆ ಪ್ರೇಕ್ಷಕರಿಲ್ಲ.

ನಮ್ಮ ಖೋ ಖೋ ಸಾಲನ್ನು ನೆನೆದಾಗಲೆಲ್ಲ ಈ ಮಾತು ನನಗೆ ಚುಚ್ಚುತ್ತದೆ. ಆ ಎಂಟು ಮಂದಿಯಲ್ಲಿ ನಾನೂ ಇದ್ದೆ. ಒಂದು ಸಲ ನಾನು ಅವನ ಬೆನ್ನು ಮುಟ್ಟಿದ್ದರೆ ಏನಾಗುತ್ತಿತ್ತು? ಬಹುಶಃ ಎರಡು ದಿನ ನನ್ನನ್ನೂ ರೇಗಿಸುತ್ತಿದ್ದರು, ಅಷ್ಟೆ. ಈ ಕೆಲಸವನ್ನು ಕ್ಯಾಪ್ಟನ್‌ಗಳಿಂದಲೇ ಶುರು ಮಾಡಬೇಕು. ವರ್ಷದ ಮೊದಲ ಅಭ್ಯಾಸದ ದಿನವೇ ಕ್ಯಾಪ್ಟನ್ನನ್ನು ಕರೆದು, ‘ಗೆಲ್ಲಿಸೋದು ನಿನ್ನ ಕೆಲಸದಲ್ಲಿ ಅರ್ಧ. ಹೊಸಬರು ಬಿಟ್ಟುಹೋಗದ ಹಾಗೆ ನೋಡ್ಕೊಳ್ಳೋದು ಉಳಿದರ್ಧ’ ಎಂದು ಹೇಳಿ, ಅದನ್ನು ನಿಜಕ್ಕೂ ಲೆಕ್ಕಕ್ಕೆ ತೆಗೆದುಕೊಂಡರೆ ತಂಡದ ಹವೆಯೇ ಬದಲಾಗುತ್ತದೆ. ಬಿಟ್ಟುಹೋದ ಮಕ್ಕಳ ಪಟ್ಟಿ ಇಡಿ. ಒಂದೇ ತಂಡದಿಂದ ವರ್ಷಕ್ಕೆ ನಾಲ್ಕೈದು ಮಕ್ಕಳು ಜಾರಿಕೊಂಡರೆ ಆಸಕ್ತಿಯ ಮೇಲೆ ತಪ್ಪು ಹೊರಿಸಬೇಡಿ.

ಪೀಡಿಸುವ ಮಗುವನ್ನು ಏನು ಮಾಡುವುದು? ತಂಡದಿಂದ ತೆಗೆದು ಹಾಕುವುದು ಸುಲಭ, ಕೆಲವೊಮ್ಮೆ ಅನಿವಾರ್ಯ ಕೂಡ. ಆದರೆ ಎಷ್ಟೋ ಸಲ ಅವನೂ ಮನೆಯಲ್ಲೋ ಹಿಂದಿನ ವರ್ಷ ಹಿರಿಯರ ಕೈಯಲ್ಲೋ ಅದನ್ನೇ ಉಂಡಿರುತ್ತಾನೆ. ‘ನಮಗೂ ಮಾಡಿದ್ರು, ನಾವೂ ಮಾಡ್ತೀವಿ’ ಎಂಬ ಸರಪಳಿ ಅದು. ಇಬ್ಬರನ್ನೂ ಎದುರುಬದುರು ಕೂರಿಸಿ ಕೈಕುಲುಕಿಸುವ ನಾಟಕ ಮಾತ್ರ ಬೇಡ. ಬಲವಿಲ್ಲದವನು ಅಲ್ಲಿ ಮತ್ತೊಮ್ಮೆ ಸೋಲುತ್ತಾನೆ. ಬೇರೆ ಬೇರೆಯಾಗಿ ಮಾತಾಡಿ, ವಾರ ಬಿಟ್ಟು ಮತ್ತೆ ಕೇಳಿ.

ಮಗು ಬಾಯಿ ಬಿಟ್ಟಾಗ

ಮಕ್ಕಳು ನೇರವಾಗಿ ಹೇಳುವುದು ಕಡಿಮೆ. ‘ನಾಳೆ ಪ್ರಾಕ್ಟೀಸ್‌ಗೆ ಹೋಗಲ್ಲಮ್ಮ, ಹೊಟ್ಟೆನೋವು’ ಅನ್ನುತ್ತಾರೆ. ಇಷ್ಟಪಟ್ಟು ಕೊಂಡ ಶೂ ಮೂಲೆಗೆ ಬೀಳುತ್ತದೆ. ಆಟದ ಬಟ್ಟೆಯನ್ನು ತಾವೇ ಒಗೆಯಲು ಹೊರಡುತ್ತಾರೆ. ಕೊನೆಗೂ ಹೇಳಿದಾಗ ನಮ್ಮ ಮೊದಲ ಮಾತು ‘ನೀನ್ಯಾಕೆ ಅಲ್ಲಿಗೆ ಹೋಗಿದ್ದೆ?’ ಆಗಬಾರದು. ‘ಹೇಳಿದ್ದು ಒಳ್ಳೇದಾಯ್ತು ಕಂದ. ಇದರಲ್ಲಿ ನಿನ್ನ ತಪ್ಪಿಲ್ಲ’ ಅಂದರೆ ಸಾಕು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ, ಹೇಳಬೇಕಾಗಿ ಬರಬಹುದು. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ, ದಿನಾಂಕ, ಜಾಗ ಸಮೇತ ಅಂದೇ ಬರೆದಿಡಿ. ಮತ್ತೆ ಮತ್ತೆ ಕೆದಕಿ ಕೇಳಬೇಡಿ. ಮೊಬೈಲಿನಲ್ಲಿ ಬೆದರಿಕೆ ಬಂದಿದ್ದರೆ ಅಳಿಸಬೇಡಿ. ಮಗುವಿನ ಅಶ್ಲೀಲ ಚಿತ್ರವೋ ವಿಡಿಯೋವೋ ಆಗಿದ್ದರೆ ‘ಸಾಕ್ಷಿ ಇರಲಿ’ ಎಂದು ಯಾರಿಗೂ ಕಳಿಸಲೂ ಬೇಡಿ, ನೇರವಾಗಿ ಪೊಲೀಸರಿಗೆ ತೋರಿಸಿ. ಅಂಥದ್ದನ್ನು ಇಟ್ಟುಕೊಳ್ಳುವುದೂ ಅಪರಾಧವಾಗಬಹುದು ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿದೆ.

ವಿಷಯ ಲೈಂಗಿಕ ಕಿರುಕುಳದ್ದಾದರೆ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ. 2012ರ ನವೆಂಬರ್ 14ರಿಂದ ಜಾರಿಯಲ್ಲಿರುವ ಈ ಕಾಯ್ದೆ 18 ತುಂಬದ ಹುಡುಗ, ಹುಡುಗಿ ಇಬ್ಬರಿಗೂ ಒಂದೇ. ಮುಟ್ಟಬೇಕೆಂದೇ ಇಲ್ಲ. ಅಸಭ್ಯ ಸನ್ನೆ, ಹಿಂಬಾಲಿಸುವುದು, ಅಶ್ಲೀಲ ಚಿತ್ರ ತೋರಿಸುವುದು ಕೂಡ ಅದರ 11ನೇ ಸೆಕ್ಷನ್ನಿನ ಕೆಳಗೆ ಬರುತ್ತವೆ. ತಪ್ಪು ಮಾಡಿದವರು ಶಾಲೆಯ ಸಿಬ್ಬಂದಿಯಾಗಿದ್ದರೆ ಲೈಂಗಿಕ ದೌರ್ಜನ್ಯಕ್ಕೆ ಶಿಕ್ಷೆ ಇನ್ನೂ ಕಠಿಣ.

ಇಲ್ಲಿ ಮುಖ್ಯೋಪಾಧ್ಯಾಯರು ಮತ್ತು ಆಡಳಿತ ಮಂಡಳಿಯವರು ಮಾಡುವ ತಪ್ಪು ಒಂದೇ. ‘ಮೊದಲು ನಾವೇ ವಿಚಾರಣೆ ಮಾಡ್ತೀವಿ, ಶಾಲೆ ಹೆಸರು ಕೆಡೋದು ಬೇಡ’ ಎಂದು ರಾಜಿಗೆ ಕೂರುವುದು. ಕಾಯ್ದೆ ಅದಕ್ಕೆ ಅವಕಾಶ ಕೊಟ್ಟಿಲ್ಲ. ಅಪರಾಧ ನಡೆದಿದೆ ಎಂದು ಗೊತ್ತಾದರೆ, ನಡೆಯಬಹುದು ಎಂಬ ಅಳುಕಿದ್ದರೂ, ಪೊಲೀಸರಿಗೋ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೋ ತಿಳಿಸಲೇಬೇಕೆಂದು 19ನೇ ಸೆಕ್ಷನ್ ಹೇಳುತ್ತದೆ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ತನ್ನ ಕೈಕೆಳಗಿನವರ ಅಪರಾಧವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗಾದರೆ ಒಂದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ.

ಠಾಣೆ ಎಂದರೆ ಹೆದರುವ ಪೋಷಕರಿಗೆ ಇಷ್ಟು ತಿಳಿದಿರಲಿ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ, ಅಥವಾ ಮಗುವಿಗೆ ಹಿತವೆನಿಸುವ ಜಾಗದಲ್ಲಿ ಪಡೆಯಬೇಕು. ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಪಡೆಯಬೇಕು, ಆಗ ಸಮವಸ್ತ್ರದಲ್ಲಿ ಇರುವಂತಿಲ್ಲ. ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹುಡುಗಿಯ ವೈದ್ಯಕೀಯ ಪರೀಕ್ಷೆಯನ್ನು ವೈದ್ಯೆಯೇ ಮಾಡಬೇಕು. ಮಗುವಿನ ಹೆಸರು, ಶಾಲೆ, ಊರು, ಫೋಟೋ ಪತ್ರಿಕೆಯಲ್ಲಿ ಬರುವಂತಿಲ್ಲ.

ಮಕ್ಕಳ ಸಹಾಯವಾಣಿ 1098 ಹಗಲೂ ರಾತ್ರಿ ತೆರೆದಿರುತ್ತದೆ, ಕರೆ ಉಚಿತ, ಮಗುವೇ ಮಾಡಬಹುದು. ತುರ್ತಾದರೆ 112. ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. 2022ರಲ್ಲಿ ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಆಧಾರ. ಶಾಲೆ ಕಿವಿಗೊಡದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಅಲ್ಲಿಂದ ಮುಂದೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಬರೆಯಬಹುದು. ಯಾವ ದೂರನ್ನಾದರೂ ಬರವಣಿಗೆಯಲ್ಲೇ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಹಳ್ಳಿಗಳಲ್ಲಿ ಇನ್ನೊಂದು ಜಾಗವಿದೆ. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ನಡೆಸುವ ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳೇ ಮೈಕು ಹಿಡಿಯುತ್ತಾರೆ. ‘ನಮ್ಮ ಶೌಚಾಲಯಕ್ಕೆ ಚಿಲಕ ಇಲ್ಲ’ ಎಂದು ಒಂದು ಹುಡುಗಿ ಅಲ್ಲಿ ಎದ್ದು ನಿಂತು ಹೇಳಿದರೆ ಅಧ್ಯಕ್ಷರು ಊರವರ ಮುಂದೆಯೇ ಉತ್ತರ ಕೊಡಬೇಕಾಗುತ್ತದೆ. ಚಿಲಕಕ್ಕೆ ಬೀಳುವ ಖರ್ಚು ಗೊತ್ತೇ ಇದೆಯಲ್ಲ.

ಮನೆಯಲ್ಲಿ ಮಾಡಬೇಕಾದ್ದು ಇನ್ನೂ ಚಿಕ್ಕದು. ಮಗು ಮೈದಾನದಿಂದ ಬಂದಾಗ ನಾವು ‘ಗೆದ್ರಾ?’ ಎಂದು ಕೇಳುತ್ತೇವೆ. ಅದಕ್ಕೆ ಹೌದು, ಇಲ್ಲ ಎಂಬ ಎರಡೇ ಉತ್ತರ. ‘ಬಸ್ಸಲ್ಲಿ ಯಾರ ಪಕ್ಕ ಕೂತಿದ್ದೆ? ಊಟ ಯಾರ ಜೊತೆ ಮಾಡ್ದೆ?’ ಎಂದು ಕೇಳಿದರೆ ಕಥೆ ಬರುತ್ತದೆ, ಇಲ್ಲವೇ ಮೌನ ಬರುತ್ತದೆ. ಎರಡರಿಂದಲೂ ತಿಳಿಯುತ್ತದೆ. ನನ್ನ ತಂಗಿಯ ಮಗ ಈ ವರ್ಷ ಖೋ ಖೋ ತಂಡ ಸೇರಿದ್ದಾನೆ. ಭಾನುವಾರ ಫೋನ್ ಮಾಡಿದಾಗಲೆಲ್ಲ ಅವನನ್ನು ಕೇಳುತ್ತೇನೆ: ‘ಈ ವಾರ ನಿನಗೆ ಎಷ್ಟು ಖೋ ಸಿಕ್ತು? ನೀನು ಯಾರ‍್ಯಾರಿಗೆ ಕೊಟ್ಟೆ?’ ಅವನು ಬೆರಳು ಮಡಚಿ ಎಣಿಸುತ್ತ ಒಂದೊಂದೇ ಹೆಸರು ಹೇಳುತ್ತಾನೆ. ನಾನು ಈ ತುದಿಯಲ್ಲಿ ಎಂಟಾಯಿತೇ ಎಂದು ಎಣಿಸುತ್ತೇನೆ.